ಮುಷ್ಟಿಮಲ್ಲ ಮಹಮ್ಮದ್ ಅಲಿ ಮತ್ತು ನಮ್ಮ ತಂದೆಯವರು

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಮುಷ್ಟಿಯುದ್ಧದ ಜಟ್ಟಿಯೊಬ್ಬನ ವಿಷಯವನ್ನು ಎತ್ತಿಕೊಳ್ಳುವುದು ಉಚಿತವೋ ಅನುಚಿತವೋ ಎಂದು ಕೆಲಕಾಲ ಹಿಂದೆಮುಂದೆ ನೋಡಿದೆನು. ದಯೆಯನ್ನು ಬೋಧಿಸುವ ಮಠದ ಅಂಗಳದಲ್ಲಿ, ಎದುರಾಳಿಯ ಮುಖಕ್ಕೆ ಗುದ್ದಿ ಹಣ ಸಂಪಾದಿಸಿದವನ ಕಥೆಯೇಕೆ? ಆದರೆ ಆ ಮನುಷ್ಯನ ಹೆಸರನ್ನು ನಾನು ಮೊದಲು ಓದಿದುದು ಇದೇ ಮಠದ ಪ್ರಸಾದನಿಲಯದ ವಾಚನಾಲಯದಲ್ಲಿ. ಆತನಿಂದ ನಮ್ಮ ಮನೆಗೆ ಸಂದ ಉಪಕಾರವೂ ಒಂದುಂಟು. ಆದಕಾರಣ ಬರೆಯುತ್ತಿದ್ದೇನೆ.

ನಮ್ಮ ತಂದೆಯವರು ಕುಷ್ಟಗಿ ತಾಲೂಕಿನ ಒಂದು ಹಳ್ಳಿಯ ಪೈಲ್ವಾನರು. ತಮ್ಮ ಪ್ರಾಯದಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ತಾಲೂಕುಗಳ ಜಾತ್ರೆಗಳಲ್ಲಿ ಕುಸ್ತಿ ಹಿಡಿದವರು. ಎರಡು ಬೆಳ್ಳಿಯ ಕಡಗಗಳು ನಮ್ಮ ದೇವರ ಜಗಲಿಯ ಮೇಲೆ ಇರುತ್ತಿದ್ದವು. ನಮ್ಮ ಕಡೆಯ ಕುಸ್ತಿಯಲ್ಲಿ ಗುದ್ದಿಗೆ ಎಡೆಯಿಲ್ಲ. ಎದುರಾಳಿಯ ಬೆನ್ನು ಮಣ್ಣಿಗೆ ತಾಗಿದರೆ ಮುಗಿಯಿತು. ಅನೇಕ ವೇಳೆ ಗೆದ್ದವನೇ ಸೋತವನ ಕೈಹಿಡಿದು ಎಬ್ಬಿಸುವನು. ಹೀಗಾಗಿ ಮುಷ್ಟಿಯುದ್ಧವೆಂದರೆ ನಮಗೆ ತಿಳಿದಿದ್ದುದು ಗಂಗಾವತಿ ತಾಲೂಕಿನ ಆನೆಗೊಂದಿಯ ಪರಿಸರದಲ್ಲಿ ಜನ ಹೇಳಿಕೊಂಡು ಬಂದ ವಾಲಿ ಸುಗ್ರೀವರ ಕಾಳಗವೊಂದೇ.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ, 1974ರ ಅಕ್ಟೋಬರ್ 30ರಂದು, ಆಫ್ರಿಕದ ಕಿನ್ಷಾಸಾ ನಗರದಲ್ಲಿ ಅಲಿಯು ಜಾರ್ಜ್ ಫೋರ್‌ಮನ್‌ನನ್ನು ಎಂಟನೆಯ ಸುತ್ತಿನಲ್ಲಿ ಕೆಡವಿದನು. ಸುದ್ದಿ ನಮ್ಮ ವಾಚನಾಲಯಕ್ಕೆ ತಡವಾಗಿ ಬಂದಿತು. ಏಳು ಸುತ್ತುಗಳವರೆಗೆ ಆತ ಬಹುಪಾಲು ಹಗ್ಗಕ್ಕೆ ಒರಗಿ ನಿಂತು, ತೋಳುಗಳಿಂದ ಮುಖ ಮರೆಮಾಡಿಕೊಂಡು ಪೆಟ್ಟು ತಿಂದನೆಂದೂ, ಹೊಡೆದು ಹೊಡೆದು ದಣಿದ ಎದುರಾಳಿಯನ್ನು ಕೊನೆಗೆ ನಾಲ್ಕಾರು ಗುದ್ದಿನಲ್ಲಿ ನೆಲಕ್ಕೆ ಉರುಳಿಸಿದನೆಂದೂ ಓದಿದೆವು. ಎದುರು ನಿಂತವನ ಅರ್ಧಬಲ ವಾಲಿಗೆ ಸೇರುತ್ತಿತ್ತೆಂಬ ವರದ ಕಥೆ ನಮಗೆಲ್ಲ ಬಾಯಿಪಾಠವಾಗಿದ್ದಿತು. ಆ ವರ ಅಮೆರಿಕಕ್ಕೆ ಹೇಗೆ ಹೋಯಿತೆಂದು ನಾವು ಹುಡುಗರು ರಾತ್ರಿಯೆಲ್ಲ ಚರ್ಚಿಸಿದೆವು!

ಆತ 1942ರ ಜನವರಿ 17ರಂದು ಕೆಂಟಕಿ ಪ್ರಾಂತದ ಲೂಯಿವಿಲ್‌ನಲ್ಲಿ ಹುಟ್ಟಿದವನು. ತಂದೆ ಅಂಗಡಿಗಳ ನಾಮಫಲಕ ಬರೆಯುವವರು. ತಾಯಿ ಪರರ ಮನೆಗೆಲಸ ಮಾಡಿದವರು. ಹನ್ನೆರಡನೆಯ ವಯಸ್ಸಿನಲ್ಲಿ ಆತನ ಸೈಕಲ್ಲು ಕಳುವಾಯಿತು. ಕದ್ದವನನ್ನು ಬಡಿಯುತ್ತೇನೆಂದು ಅಳುತ್ತ ಹೇಳಿದಾಗ, ಜೋ ಮಾರ್ಟಿನ್ ಎಂಬ ಪೋಲೀಸಿನವರು, ಮೊದಲು ಬಡಿಯುವುದನ್ನು ಕಲಿತುಕೊ ಎಂದು ತಾವು ನಡೆಸುತ್ತಿದ್ದ ಅಭ್ಯಾಸಶಾಲೆಗೆ ಸೇರಿಸಿಕೊಂಡರು. ಆರೇ ವರ್ಷಗಳಲ್ಲಿ, 1960ರ ರೋಮ್ ಒಲಿಂಪಿಕ್ಸ್‌ನಲ್ಲಿ, ಲೈಟ್ ಹೆವಿವೇಟ್ ವಿಭಾಗದ ಚಿನ್ನದ ಪದಕ. 1964ರ ಫೆಬ್ರವರಿ 25ರಂದು ಸನ್ನಿ ಲಿಸ್ಟನ್‌ನನ್ನು ಸೋಲಿಸಿ, 22ನೆಯ ವಯಸ್ಸಿಗೆ ಜಗತ್ತಿನ ಹೆವಿವೇಟ್ ವೀರ. ಆ ಬಳಿಕ ಕ್ಯಾಸಿಯಸ್ ಕ್ಲೇ ಎಂಬ ಹೆಸರನ್ನು ಗುಲಾಮಗಿರಿಯ ಹೆಸರೆಂದು ತೊರೆದು ಮಹಮ್ಮದ್ ಅಲಿಯಾದನು. ಆ ಹಳೆಯ ಹೆಸರಿನ ಮೂಲಪುರುಷ ಗುಲಾಮಗಿರಿಯನ್ನು ವಿರೋಧಿಸಿದ ಬಿಳಿಯನೆಂಬುದು ಇಲ್ಲಿಯ ಒಂದು ವಿನೋದ.

ಇವೆಲ್ಲ ಗುದ್ದಿನ ಸಂಗತಿಗಳು. ನನ್ನ ಮನಸ್ಸು ನಿಲ್ಲುವುದು ಆತ ಗುದ್ದದೆ ನಿಂತ ಒಂದು ದಿನದಲ್ಲಿ. 1967ರ ಏಪ್ರಿಲ್ 28ರಂದು ಹ್ಯೂಸ್ಟನ್ ನಗರದಲ್ಲಿ, ವಿಯಟ್ನಾಂ ಯುದ್ಧದ ಸೈನ್ಯಭರ್ತಿಗೆಂದು ಹೆಸರು ಕೂಗಿದಾಗ ಒಂದು ಹೆಜ್ಜೆ ಮುಂದಿಡಬೇಕಾಗಿದ್ದಿತು. ಆತ ಇಡಲಿಲ್ಲ. ಎಚ್ಚರಿಸಿ ಮತ್ತೆ ಕೂಗಿದರು, ಆಗಲೂ ಇಡಲಿಲ್ಲ. ಪಟ್ಟ ಹೋಯಿತು, ಪಂದ್ಯವಾಡುವ ಪರವಾನಗಿ ಹೋಯಿತು. ಐದು ವರ್ಷಗಳ ಸೆರೆ, ಹತ್ತು ಸಾವಿರ ಡಾಲರ್ ದಂಡವೆಂದು ನ್ಯಾಯಾಲಯ ತೀರ್ಪಿತ್ತಿತು. ಅಪೀಲಿನ ಕಾರಣ ಸೆರೆಮನೆಗೆ ಹೋಗಲಿಲ್ಲವಾದರೂ, ಮಲ್ಲನೊಬ್ಬನ ಮೈಕಸುವು ತುಂಬಿರುವ 25ರಿಂದ 28ರ ವಯಸ್ಸು ಪಂದ್ಯವಿಲ್ಲದೆ ಕಳೆಯಿತು. 1971ರ ಜೂನ್ 28ರಂದು ಸುಪ್ರೀಂ ಕೋರ್ಟಿನ ಎಂಟು ನ್ಯಾಯಾಧೀಶರು ಒಮ್ಮತದಿಂದ ಶಿಕ್ಷೆಯನ್ನು ರದ್ದುಗೊಳಿಸಿದರು. ಕಳೆದ ವರ್ಷಗಳನ್ನು ಯಾವ ಕೋರ್ಟು ತಾನೆ ಹಿಂದಿರುಗಿಸೀತು? ನುಡಿದುದಕ್ಕೆ ತಕ್ಕ ನಡೆಯ ಬಗ್ಗೆ ಗುರುಗಳು ಪ್ರಾರ್ಥನೆಯ ವೇಳೆ ಎಷ್ಟೋ ಸಲ ಹೇಳಿದ್ದರು. ಅದಕ್ಕೆ ತೆರಬೇಕಾದ ಬೆಲೆಯ ಲೆಕ್ಕ ನನಗೆ ದೊರೆತುದು ಈ ಪರಧರ್ಮೀಯನ ಬಾಳಿನಲ್ಲಿ.

ಹಾಗೆಂದು ಆತನನ್ನು ನಾನು ಶರಣರ ಸಾಲಿನಲ್ಲಿ ಕೂಡಿಸಲಾರೆ. ತಾನೇ ಸರ್ವಶ್ರೇಷ್ಠನೆಂದು ಊರೆಲ್ಲ ಸಾರುವ ಆ ಬಾಯಿ, ಕಿಂಕರಭಾವವನ್ನು ಕಲಿತು ಬೆಳೆದ ನಮ್ಮಂಥವರಿಗೆ ಸಹ್ಯವಾಗುವಂಥದಲ್ಲ. ಅದಕ್ಕಿಂತ ಕೆಟ್ಟದು ಜೋ ಫ್ರೇಸಿಯರ್‌ಗೆ ಮಾಡಿದ ಅವಮಾನ. ಪರವಾನಗಿ ಇಲ್ಲದ ದಿನಗಳಲ್ಲಿ ತನ್ನ ಪರವಾಗಿ ನಿಂತ, ತನ್ನಂತೆಯೇ ಕರಿಯನಾದ ಆ ಸಜ್ಜನನನ್ನು ಅಲಿ ಗೊರಿಲ್ಲವೆಂದು ಕರೆದು ಜನರನ್ನು ನಗಿಸಿದನು. 1975ರ ಅಕ್ಟೋಬರ್ 1ರಂದು ಮನಿಲಾದಲ್ಲಿ ಇಬ್ಬರೂ 14 ಸುತ್ತು ಬಡಿದಾಡಿದರು. ಕಣ್ಣು ಮುಚ್ಚಿಹೋಗಿದ್ದ ಫ್ರೇಸಿಯರ್‌ನನ್ನು ಆತನ ಗುರು ಎಡ್ಡಿ ಫಚ್ ಹದಿನೈದನೆಯ ಸುತ್ತಿಗೆ ಏಳಗೊಡಲಿಲ್ಲ. ನನ್ನ ಎಣಿಕೆಯಲ್ಲಿ ಅಂದಿನ ದೊಡ್ಡ ಮನುಷ್ಯ ಆ ಗುರುವೇ. ಅಲಿಯನ್ನು ಹಾಗೆ ತಡೆದು ಕೂರಿಸುವವರು ಸಿಕ್ಕಲಿಲ್ಲ. ಸಾಕು ಮಾಡೆಂದ ವೈದ್ಯ ಪಚೆಕೊ 1977ರಲ್ಲಿ ತಾನೇ ದೂರ ಸರಿಯಬೇಕಾಯಿತು. 1980ರ ಆರಂಭದಲ್ಲಿ ಅಲಿ ನಮ್ಮ ದೇಶಕ್ಕೂ ಬಂದು, ಮದರಾಸಿನ ನೆಹರೂ ಕ್ರೀಡಾಂಗಣದಲ್ಲಿ ಬಾಲ್ಯಮಿತ್ರ ಜಿಮ್ಮಿ ಎಲ್ಲಿಸ್‌ನೊಡನೆ ಪ್ರದರ್ಶನ ಪಂದ್ಯವಾಡಿದನು. ಕೊನೆಯ ಪಂದ್ಯ 1981ರ ಡಿಸೆಂಬರಿನಲ್ಲಿ. ಒಟ್ಟು 61 ಪಂದ್ಯ, 56 ಗೆಲವು. 1984ರಲ್ಲಿ ವೈದ್ಯರು ಪಾರ್ಕಿನ್ಸನ್ ರೋಗವೆಂದರು. ಅದರೊಡನೆ 32 ವರ್ಷ ಬಾಳಿ, 2016ರ ಜೂನ್ 3ರಂದು ಆತ ತೀರಿಕೊಂಡನು.

ಅದೇ ರೋಗ 1993ರ ಸುಮಾರಿಗೆ ನಮ್ಮ ತಂದೆಯವರನ್ನು ಹಿಡಿಯಿತು. ಮೊದಲು ಬಲಗೈ ಹೆಬ್ಬೆರಳು, ಆಮೇಲೆ ಇಡೀ ಕೈ. ಅವರು ಕೈಯನ್ನು ಹೆಗಲ ವಸ್ತ್ರದಲ್ಲಿ ಸುತ್ತಿಟ್ಟುಕೊಳ್ಳತೊಡಗಿದರು. ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಟ್ಟರು. ಪ್ರತಿವರ್ಷ ಶ್ರೀಗವಿಮಠದ ಜಾತ್ರೆಯ ದಾಸೋಹದಲ್ಲಿ ಬಡಿಸಲು ನಿಲ್ಲುತ್ತಿದ್ದವರು, ಜಾತ್ರೆ ಬಂದರೆ ಮೈಯಲ್ಲಿ ನೆಟ್ಟಗಿಲ್ಲವೆಂದು ಮಲಗಿಬಿಡುವರು. ನಾನು ಶಿಕ್ಷಕನಾಗಿ ಊರೂರು ಸುತ್ತುತ್ತಿದ್ದವನು. ಎಷ್ಟು ಹೇಳಿದರೂ ನನ್ನ ಮಾತು ನಾಟಲಿಲ್ಲ.

1996ರ ಜುಲೈ 20, ಶನಿವಾರ. ಬೆಳಗಿನ ಶಾಲೆ ಮುಗಿಸಿ ಊರಿಗೆ ಹೋಗಿದ್ದೆ. ರಾತ್ರಿಯ ವಾರ್ತೆಯಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ನ ಉದ್ಘಾಟನೆಯನ್ನು ತೋರಿಸಿದರು. ಬಿಳಿಯ ಉಡುಪಿನಲ್ಲಿ ಅಲಿ ನಿಂತಿದ್ದನು. ಬಲಗೈಯಲ್ಲಿ ಪಂಜು, ಎಡಗೈ ಗಾಳಿಗೆ ಸಿಕ್ಕ ಎಲೆಯಂತೆ ಅಲುಗುತ್ತಿದ್ದಿತು. ಜಗತ್ತೆಲ್ಲ ನೋಡುತ್ತಿರಲು ಅದೇ ಸ್ಥಿತಿಯಲ್ಲಿ ಬಾಗಿ ಜ್ಯೋತಿ ಹೊತ್ತಿಸಿದನು.

"ಯಾರಂವ?" ಎಂದರು ತಂದೆಯವರು. ಹೇಳಿದೆ.

"ಪೈಲ್ವಾನ ಅದಾನ?"

"ಹೌದ್ರಿ ಯಪ್ಪಾ. ಮೂರು ಸಲ ಜಗತ್ತನ್ನ ಗೆದ್ದಾಂವ."

ಅವರು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, "ಕೈ ಮುಚ್ಚಿಕೊಂಡಿಲ್ಲ ನೋಡು" ಎಂದಷ್ಟೇ ಅಂದು ಎದ್ದುಹೋದರು.

1997ರ ಜನವರಿಯ ಜಾತ್ರೆಗೆ ನಾನು ಕರೆಯಲಿಲ್ಲ. ಅವರೇ ನನಗಿಂತ ಮೊದಲು ಬಸ್ಸು ಹತ್ತಿ ಕೊಪ್ಪಳಕ್ಕೆ ಬಂದಿದ್ದರು. ನಾನು ದಾಸೋಹದ ಪಂಕ್ತಿಯ ಬಳಿಗೆ ಹೋದಾಗ ಹೆಗಲ ವಸ್ತ್ರವನ್ನು ನಡುವಿಗೆ ಬಿಗಿದು, ಸಾರಿನ ಸೌಟು ಹಿಡಿದು ನಿಂತಿದ್ದರು. ಪಾತ್ರೆಯನ್ನು ಪ್ರಸಾದನಿಲಯದ ಹುಡುಗನೊಬ್ಬ ಹಿಡಿದಿದ್ದನು. ಸೌಟು ನಡುಗಿ ಸಾರು ತಟ್ಟೆಯ ಹೊರಗೆ ಚೆಲ್ಲಿತು. ಅಲ್ಲಿ ಕುಳಿತಿದ್ದ ಮುದುಕಿಯೊಬ್ಬಳು ತಟ್ಟೆಯನ್ನು ಎರಡೂ ಕೈಯಿಂದ ಎತ್ತಿ ಸೌಟಿನ ಸಮೀಪಕ್ಕೆ ಹಿಡಿದಳು. ತಂದೆಯವರು ಬಡಿಸಿ ಮುಂದಿನ ತಟ್ಟೆಗೆ ನಡೆದರು.