ಸ್ಟೆಪ್ನಿಯ ವಯಸ್ಸು

ಮೇ ತಿಂಗಳ ಕೊನೆಗೆ ಅಡುಗೆಮನೆಯ ಬೆಂಕಿಪೊಟ್ಟಣ ಕಾಣದಿದ್ದರೆ ಅವ್ವ ಹುಡುಕುವ ಗೋಜಿಗೆ ಹೋಗುತ್ತಿರಲಿಲ್ಲ. ಅದು ಜೀಪಿನ ಶೆಡ್ಡಿನಲ್ಲಿ ಅಪ್ಪನ ಕೈಯಲ್ಲಿರುತ್ತಿತ್ತು. ಮಳೆ ಹಿಡಿಯುವ ಮೊದಲು ಟೈರು ನೋಡುವ ದಿನ ಅದು. ಅಪ್ಪ ಕುಕ್ಕರಗಾಲಲ್ಲಿ ಕೂತು, ಟೈರಿನ ಸಂದಿಗೆ ಕಡ್ಡಿಯನ್ನು ತಲೆಕೆಳಗಾಗಿ ಇಳಿಸುವರು. ಕಡ್ಡಿಯ ಮದ್ದು ಪೂರ್ತಿ ಮುಳುಗಿದರೆ ಟೈರು ಪಾಸು. ಮದ್ದು ಮೇಲೆ ಇಣುಕಿದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೊಂದು ಮಳೆಗಾಲ ಎಳೀತದೆ ಬಿಡು" ಎನ್ನುವರು. ಅಂದರೆ ಆಗಲೂ ಪಾಸೇ.

ಟೈರು ಫೇಲಾಗಬೇಕಿದ್ದರೆ ಕಾಫಿಗೆ ರೇಟು ಬರಬೇಕಿತ್ತು. ಮಾರ್ಚಿನಲ್ಲಿ ಕಾಫಿ ಗಿಡ ಅರಳಿಸುವ ಹೂಮಳೆ ಹದವಾಗಿ ಬಿದ್ದು, ಫಸಲಿಗೆ ರೇಟೂ ಸಿಕ್ಕರೆ ಮುಂದಿನ ಬೇಸಿಗೆಗೆ ನಮ್ಮ ಮನೆಯಲ್ಲಿ ಹೊಸ ಟೈರಿನ ಮಾತು ಶುರುವಾಗುತ್ತಿತ್ತು. ಆಗಲೂ ಹಳೆಯದನ್ನು ಅಂಗಡಿಯವನಿಗೆ ಬಿಟ್ಟು ಬಂದದ್ದಿಲ್ಲ. ಒಂದು ಹಲಸಿನ ಮರದಲ್ಲಿ ನಮಗೆ ಉಯ್ಯಾಲೆಯಾಯಿತು. ಉಳಿದವು ಕಣದಲ್ಲಿ, ಒಣಹಾಕಿದ ಕಾಫಿಗೆ ರಾತ್ರಿ ಹೊದಿಸಿದ ಟಾರ್ಪಾಲು ಹಾರದಂತೆ ಮೂಲೆಮೂಲೆಗೆ ಕೂರುತ್ತಿದ್ದವು.

ಇಷ್ಟರಲ್ಲಿ ಯಾವ ಪರೀಕ್ಷೆಗೂ ಕೂರದೆ ಪಾಸಾಗುತ್ತಿದ್ದದ್ದು ಜೀಪಿನ ಬೆನ್ನಿಗಿದ್ದ ಸ್ಟೆಪ್ನಿ. "ನೋಡೋ, ಒಂದು ಬಟನ್ ಸವೆದಿಲ್ಲ" ಎಂದು ಅಪ್ಪ ಅದರ ಉಬ್ಬುಗಳ ಮೇಲೆ ಕೈಯಾಡಿಸುತ್ತಿದ್ದರು. ಬ್ಯಾಂಕಿನ ಡಿಪಾಸಿಟ್ಟಿನ ಮೇಲೂ ಅವರಿಗೆ ಅಷ್ಟು ನಂಬಿಕೆ ಇರಲಿಲ್ಲ.

ಸ್ಟೆಪ್ನಿ ಎನ್ನುವುದು ನಮ್ಮದೇ ಮಾತೇನೋ ಎನ್ನುವಷ್ಟು ನಾಲಗೆಗೆ ಹತ್ತಿಬಿಟ್ಟಿದೆ. ಅದು ವೇಲ್ಸ್ ನಾಡಿನ ಲನೆಥ್ಲಿ ಎಂಬ ಊರಿನ ಒಂದು ಬೀದಿಯ ಹೆಸರು. ಮೊದಮೊದಲ ಕಾರುಗಳಿಗೆ ಹೆಚ್ಚಿನ ಚಕ್ರ ಇರುತ್ತಿರಲಿಲ್ಲ. ಪಂಚರಾದರೆ ನಡುದಾರಿಯಲ್ಲೇ ಟೈರು ಬಿಚ್ಚಿ ತೇಪೆ ಹಾಕಬೇಕು. 1904ರಲ್ಲಿ ಆ ಸ್ಟೆಪ್ನಿ ಬೀದಿಯ ಡೇವಿಸ್ ಸೋದರರು ಗಾಳಿ ತುಂಬಿದ ಟೈರು ಸಮೇತ ಒಂದು ಬರೀ ರಿಮ್ಮನ್ನು ಮಾಡಿ, ಪಂಚರಾದ ಚಕ್ರದ ಪಕ್ಕಕ್ಕೇ ಬಿಗಿದು ಓಡಿಸಬಹುದು ಎಂದರು. ಅವರ ಚಕ್ರ ಎಂದೋ ಮೂಲೆ ಸೇರಿತು, ಬೀದಿಯ ಹೆಸರು ಮಾತ್ರ ಉರುಳುತ್ತ ನಮ್ಮ ಕೊಡಗಿನ ಸಂಪಾಜೆ ಘಾಟಿಯವರೆಗೂ ಬಂತು. ಈಗ ಕೆಲವು ಕಾರುಗಳಿಗೆ ಸ್ಟೆಪ್ನಿಯೇ ಇಲ್ಲ. ಟ್ಯೂಬ್‌ಲೆಸ್ ಟೈರು, ಗಾಳಿ ಇಳಿದರೆ ಹೇಳುವ ಸಾಧನ, ಪಂಚರ್ ಕಿಟ್ ಇದ್ದರೆ ಸಾಕು ಎಂದು 2020ರಲ್ಲಿ ಕೇಂದ್ರ ಸರ್ಕಾರವೇ ನಿಯಮ ಬದಲಿಸಿತು. ಈ ಸುದ್ದಿ ಓದಿ ಅಪ್ಪ ಪೇಪರನ್ನು ಮಡಿಸಿಟ್ಟ ರೀತಿ ನೋಡಬೇಕಿತ್ತು.

ನಮ್ಮ ಸ್ಟೆಪ್ನಿ ಕೊನೆಗೂ ನೆಲ ಕಂಡದ್ದು 2017ರ ಜುಲೈಯಲ್ಲಿ, ಘಾಟಿಯ ಗುಡ್ಡ ಜರಿದ 2018ಕ್ಕಿಂತ ಒಂದು ವರ್ಷ ಮೊದಲು. ಸುಳ್ಯದ ಅತ್ತೆಯ ಮನೆಗೆ ಹೊರಟಿದ್ದೆವು. ಮದೆನಾಡು ದಾಟುತ್ತಲೇ ಹಿಂದಿನ ಎಡ ಚಕ್ರ ಪಂಚರ್. ಜಡಿಮಳೆಯಲ್ಲಿ, ಅವ್ವ ಹಿಡಿದ ಕೊಡೆಯ ಕೆಳಗೆ, ಅಪ್ಪ ಹಬ್ಬಕ್ಕೆ ಪೆಟ್ಟಿಗೆಯಿಂದ ಒಡವೆ ತೆಗೆದ ಹಾಗೆ ಸ್ಟೆಪ್ನಿ ಇಳಿಸಿ ಹಾಕಿದರು. ಜೋಡುಪಾಲದ ಹತ್ತಿರ ಒಂದು ತಿರುವಿನಲ್ಲಿ ಎದುರಿಗೆ ಬಸ್ಸು. ಬ್ರೇಕು ಒತ್ತಿದ್ದೇ ತಡ, ಜೀಪಿನ ಹಿಂಭಾಗ ತನ್ನ ಪಾಡಿಗೆ ತಾನು ಬೇರೆ ಊರಿಗೆ ಹೊರಟಿತು. ಪುಣ್ಯಕ್ಕೆ ಜಾರಿದ್ದು ಗುಡ್ಡದ ಕಡೆಯ ಚರಂಡಿಗೆ. ಬಸ್ಸಿನವರೇ ಇಳಿದು ಎತ್ತಿ ಕೊಟ್ಟರು. ಯಾರಿಗೂ ಏನೂ ಆಗಲಿಲ್ಲ. ಅತ್ತೆಗೆಂದು ತಂದ ಕಿತ್ತಳೆ ಮಾರ್ಮಲೇಡಿನ ಬಾಟ್ಲಿ ಒಡೆಯಿತು.

ಸಂಪಾಜೆಯ ಪಂಚರ್ ಅಂಗಡಿಯ ಕಾಕ ಸ್ಟೆಪ್ನಿಯ ಬದಿಯನ್ನು ಹೆಬ್ಬೆರಳಿನಿಂದ ಒತ್ತಿದರು. ಬೇಸಿಗೆಯ ಗದ್ದೆಯಂತೆ ಸಣ್ಣಸಣ್ಣ ಬಿರುಕು ಬಾಯಿಬಿಟ್ಟವು. ಆಮೇಲೆ ಬಟ್ಟೆಯಿಂದ ಕೆಸರು ಒರೆಸಿ ನಾಲ್ಕು ಅಂಕಿ ತೋರಿಸಿದರು: 3104.

"ಇದು 2004ನೇ ಇಸವಿದು ಸಾರೇ. ಮೂವತ್ತೊಂದನೇ ವಾರ. ಬಟನ್ ಇದ್ದು ಏನು ಮಾಡೋದು, ರಬ್ಬರಿಗೆ ವಯಸ್ಸಾಯ್ತಲ್ಲ."

ಹದಿಮೂರು ವರ್ಷ! ಬೆಂಕಿಕಡ್ಡಿಗೆ ಆಳ ಗೊತ್ತಾಗುತ್ತದೆ, ವಯಸ್ಸು ಎಲ್ಲಿ ಗೊತ್ತಾಗಬೇಕು? ಆ ಅಂಗಡಿಯ ಹಿಂದಿನ ಗುಡ್ಡದಲ್ಲೇ ರಬ್ಬರ್ ತೋಟ, ಹಗ್ಗದ ಮೇಲೆ ಜೇನಿನ ಬಣ್ಣದ ಶೀಟುಗಳು. ಅದಕ್ಕೆ ಮಸಿ ಕೂಡಿದರೆ ಕಪ್ಪು. ಗಂಧಕ ಕೂಡಿಸಿ ಕಾಯಿಸಿದರೆ ಗಟ್ಟಿತನ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ ಆ ಪಾಕ ಬರುವವರೆಗೆ ರಬ್ಬರು ಸೆಕೆಗೆ ಅಂಟಾಗುತ್ತಿತ್ತು, ಚಳಿಗೆ ಸೆಟೆಯುತ್ತಿತ್ತು. ಪಾಕವಾದ ಮೇಲೂ ಬಿಸಿಲು, ಗಾಳಿ ಅದನ್ನು ಒಳಗೊಳಗೇ ಪೆಡಸಾಗಿಸುತ್ತವೆ, ಓಡಿದರೂ ಸರಿ, ಸುಮ್ಮನೆ ನೇತಾಡಿದರೂ ಸರಿ. ಹತ್ತು ವರ್ಷ ದಾಟಿದ್ದನ್ನು, ಸ್ಟೆಪ್ನಿಯನ್ನೂ ಸೇರಿಸಿ, ತೆಗೆದುಬಿಡಿ ಎಂದು ಮಿಷೆಲಿನ್ ಕಂಪನಿಯೇ ಹೇಳುತ್ತದೆ.

ಮುಂದಿನ ಟೈರಿನ ಸಂದಿನ ತಳದಲ್ಲಿ ಅಡ್ಡಕ್ಕಿದ್ದ ಸಣ್ಣ ದಿಬ್ಬವನ್ನೂ ಕಾಕ ತೋರಿಸಿದರು. ಬಟನ್ ಸವೆದು ಅದರ ಸಮಕ್ಕೆ ಬಂದರೆ ಉಳಿದದ್ದು 1.6 ಮಿಲಿಮೀಟರ್, ಕಾನೂನಿನ ಗೆರೆಯೂ ಅದೇ. ಮನೆಗೆ ಬಂದು ನಾನು ಕಡ್ಡಿಯ ಮದ್ದನ್ನು ಸ್ಕೇಲಿನಲ್ಲಿ ಅಳೆದೆ. ಹತ್ತಿರ ಹತ್ತಿರ ಮೂರು ಮಿಲಿಮೀಟರ್! ಅಪ್ಪನ ಕಡ್ಡಿ ಸರ್ಕಾರಕ್ಕಿಂತ ಬಿಗಿಯಾಗಿತ್ತು, ಸಡಿಲವಿದ್ದದ್ದು ಅಪ್ಪ.

ಆ ವಾರವೇ ಮಡಿಕೇರಿಗೆ ಹೋಗಿ ಐದು ಟೈರು ತೆಗೆಸಿದೆವು. ಐದನೆಯದಕ್ಕೆ ಅಪ್ಪ ಚೌಕಾಸಿ ಮಾಡಲಿಲ್ಲ. ಮಳೆಗೆ ಕರೆಂಟು ಹೋಗಿ ಅಂಗಡಿಯೊಳಗೆ ಕತ್ತಲೆ. ಹುಡುಗ ಟೈರು ಉರುಳಿಸಿಕೊಂಡು ಬಂದ. ಅಪ್ಪ ಕನ್ನಡಕ ಏರಿಸಿ, ಕುಕ್ಕರಗಾಲಲ್ಲಿ ಕೂತು, ಜೇಬಿನಿಂದ ಬೆಂಕಿಪೊಟ್ಟಣ ತೆಗೆದರು. ಸಂದಿಗೆ ಇಳಿಸುತ್ತಾರೆ ಎಂದುಕೊಂಡೆ. ಕಡ್ಡಿ ಗೀರಿ, ಆ ಬೆಳಕಿನಲ್ಲಿ ನಾಲ್ಕು ಅಂಕಿ ಹುಡುಕತೊಡಗಿದರು.

"ಅಯ್ಯೋ ಸಾರ್, ಟೈರಂಗಡಿ ಸಾರ್ ಇದು!" ಎಂದು ಹುಡುಗ ಓಡಿ ಬಂದು ಊದಿದ.