ನೋಟುಬುಕ್ಕಿನ ಹಾಕಿ

ವಾಮಂಜೂರಿನ ಮಳೆಯನ್ನು ಬೈಯುವವರು ಬಹಳ. ನಾನೂ ಅವರಲ್ಲಿ ಒಬ್ಬ. ಆದರೆ ಅದರಿಂದ ಒಂದು ಉಪಕಾರವೂ ಉಂಟು. ವರ್ಷಕ್ಕೊಮ್ಮೆ ಅಟ್ಟದ ಮೇಲಿನ ಸಾಮಾನುಗಳನ್ನು ಅದು ತಾನಾಗಿಯೇ ಕೆಳಗಿಳಿಸುತ್ತದೆ. ಕಳೆದ ಆಟಿಯಲ್ಲಿ ಒಂದು ಹೆಂಚು ಜಾರಿ, ನೀರು ನೆಟ್ಟಗೆ ನನ್ನ ಹಳೆಯ ತಗಡಿನ ಪೆಟ್ಟಿಗೆಯ ಮೇಲೆ ಸುರಿಯತೊಡಗಿತು. ಪೆಟ್ಟಿಗೆಯಲ್ಲಿದ್ದದ್ದು ನನ್ನ ಎಂ.ಎ. ತರಗತಿಯ ಟಿಪ್ಪಣಿಗಳು. ಇಪ್ಪತ್ತು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿರುವವನಿಗೆ ಟಿಪ್ಪಣಿಗಳು ಇನ್ನೂ ಏಕೆ ಬೇಕು ಎಂದು ನನ್ನಾಕೆಯ ಪ್ರಶ್ನೆ. ಪಾಠ ಹೇಳುತ್ತಿರುವುದರಿಂದಲೇ ಬೇಕು ಎಂದು ನನ್ನ ಉತ್ತರ. ಈ ವಾದ ಮುಗಿಯುವುದರೊಳಗೆ ಹತ್ತನೆಯ ತರಗತಿಯಲ್ಲಿರುವ ನನ್ನ ಮಗ ಪೆಟ್ಟಿಗೆಯನ್ನು ಇಳಿಸಿ, ಒರಸಿ, ಬಿಚ್ಚಿಯೂ ಆಗಿತ್ತು.

ಟಿಪ್ಪಣಿಗಳನ್ನು ಅವನು ಕಣ್ಣೆತ್ತಿಯೂ ನೋಡಲಿಲ್ಲ. ಅವುಗಳ ಅಡಿಯಲ್ಲಿ, ಅಂಗಡಿಯವರು ಸಾಲದ ಲೆಕ್ಕ ಬರೆಯುವಂಥ ಉದ್ದನೆಯ ಪುಸ್ತಕವೊಂದಿತ್ತು. ಅದನ್ನು ಎತ್ತಿಕೊಂಡು ಜಗಲಿಗೆ ಬಂದ.

“ಅಪ್ಪ, ವಾಮಂಜೂರು ಮೂರು, ಪೊನ್ನಂಪೇಟೆ ಎರಡು ಅಂತ ಬರೆದುಂಟು. ಈ ಪಂದ್ಯ ಎಲ್ಲಿ ಆದದ್ದು?”

“ಇದೇ ಜಗಲಿಯಲ್ಲಿ” ಎಂದೆ.

ಅವನು ಜಗಲಿಯ ಉದ್ದಗಲಗಳನ್ನು ಒಮ್ಮೆ ನೋಡಿದ. ಹನ್ನೊಂದು ಹನ್ನೊಂದು ಜನ ಹಾಕಿ ಆಡುವಷ್ಟು ಜಾಗ ಅಲ್ಲಿ ಇರಲಿಲ್ಲ. ಆಗ ನಾನು ಅವನಿಗೆ ಎಲ್ಲವನ್ನೂ ಹೇಳಬೇಕಾಯಿತು. ಓದುಗರಿಗೂ ಹೇಳುತ್ತೇನೆ, ಒಂದು ವಿಷಯವನ್ನು ಮಾತ್ರ ಅವನಿಗೆ ಅಂದು ಹೇಳಲಾರದೆ ಹೋದೆ.

ನಾನು ಬಿ.ಎ. ಓದುತ್ತಿದ್ದಾಗ ನಮ್ಮ ಮನೆಯ ಹೊರಕೋಣೆಯಲ್ಲಿ ಪೊನ್ನಂಪೇಟೆ ಕಡೆಯ ಹುಡುಗನೊಬ್ಬ ಬಾಡಿಗೆಗಿದ್ದ. ನನ್ನ ತರಗತಿಯವನೇ. ಬೆಳಿಗ್ಗೆ ಇಬ್ಬರೂ ಒಂದೇ ಮೂಡಬಿದಿರೆ ಬಸ್ಸಿಗೆ ನೇತುಬಿದ್ದು ಪೇಟೆಯ ಕಾಲೇಜಿಗೆ ಹೋಗುತ್ತಿದ್ದೆವು. ಕೊಡಗಿನವನಾದ ಮೇಲೆ ಹಾಕಿ ಆಡುತ್ತಿದ್ದನೇ ಎಂದು ಕೇಳುವ ಅಗತ್ಯವಿಲ್ಲ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಇವರ ಹೆಸರುಗಳನ್ನು ಅವನು ನಮ್ಮ ಕಡೆಯವರು ಯಕ್ಷಗಾನದ ವೇಷಧಾರಿಗಳ ಹೆಸರು ಹೇಳುವಂತೆ ಹೇಳುತ್ತಿದ್ದ. ನಾನಾದರೋ ಹಾಕಿಯ ಕೋಲನ್ನು ಹಿಡಿದದ್ದು ಬೀದಿನಾಯಿ ಓಡಿಸುವುದಕ್ಕೆ ಮಾತ್ರ.

1998ರ ಡಿಸೆಂಬರಿನಲ್ಲಿ ಬ್ಯಾಂಕಾಕಿನಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. ಹಾಕಿಯ ಅಂತಿಮ ಪಂದ್ಯ ದಕ್ಷಿಣ ಕೊರಿಯದ ಮೇಲೆ. ಆಟ ಸಮವಾಗಿ, ಪೆನಾಲ್ಟಿ ಹೊಡೆತಗಳಿಗೆ ಬಂದು ನಿಂತಿತು. ಗೋಲಿನಲ್ಲಿ ನಮ್ಮ ಕರ್ನಾಟಕದವರೇ ಆದ ಆಶಿಷ್ ಬಲ್ಲಾಳ್. ಅವರು ಚೆಂಡು ತಡೆದಾಗ ಗೆಳೆಯ ಕುಪ್ಪಳಿಸಿದ ರಭಸಕ್ಕೆ ನೆರೆಮನೆಯವರ ಟಿ.ವಿ.ಯ ಚಿತ್ರವೇ ಅಲುಗಿತು. 32 ವರ್ಷಗಳ ಮೇಲೆ ಭಾರತಕ್ಕೆ ಆ ಚಿನ್ನ ಮರಳಿತು. ಆ ರಾತ್ರಿ ನಮಗಿಬ್ಬರಿಗೂ ನಿದ್ದೆ ಬರಲಿಲ್ಲ. ಹೊರಗೆ ಹೋಗಿ ಆಡೋಣವೆಂದರೆ ಕತ್ತಲೆ. ಬೆಳಕಿದ್ದರೂ ನನಗೆ ಆಟ ಬಾರದು. ಹಾಗಾಗಿ ಕಾಗದದ ಮೇಲೆ ಆಡಿದೆವು.

ಎಂಟು ತಂಡ ಮಾಡಿದೆವು. ವಾಮಂಜೂರು, ಗುರುಪುರ, ಕೈಕಂಬ, ಮೂಡಬಿದಿರೆ ನನ್ನವು. ಪೊನ್ನಂಪೇಟೆ, ವಿರಾಜಪೇಟೆ, ಮಡಿಕೇರಿ, ನಾಪೋಕ್ಲು ಅವನವು. ಪ್ರತಿಯೊಂದು ತಂಡವೂ ಉಳಿದ ಏಳರ ಮೇಲೆ ಎರಡೆರಡು ಸಲ. ಒಟ್ಟು 56 ಪಂದ್ಯ. ಆಗ ಹಾಕಿಗೆ 35 ನಿಮಿಷದ ಎರಡು ಭಾಗ; ಈಗಿನಂತೆ 15 ನಿಮಿಷದ ನಾಲ್ಕು ತುಂಡು ಬಂದದ್ದು 2014ರ ಮೇಲೆ. ಹೊತ್ತು ಅಳೆಯುವುದಕ್ಕೆ ಅಜ್ಜಿಯ ಚೆನ್ನೆಮಣೆಯನ್ನು ತಂದೆವು. ಎರಡು ಸಾಲು, ಸಾಲಿಗೆ ಏಳು ಗುಳಿ. ಗುಳಿಗೆ ಐದು ನಿಮಿಷದಂತೆ ಲೆಕ್ಕ ಹಾಕಿದರೆ ಸರಿಯಾಗಿ ಎಪ್ಪತ್ತು ನಿಮಿಷ. ಆಟಿ ಕಳೆದ ಮೇಲೆ ಚೆನ್ನೆಮಣೆ ಮುಟ್ಟಬಾರದೆಂದು ಅಜ್ಜಿಯ ಕಟ್ಟಳೆ. “ನಾವು ಆಡುವುದು ಚೆನ್ನೆಯಲ್ಲ ಅಜ್ಜಿ, ಹಾಕಿ” ಎಂದೆವು. ಹಾಕಿಯ ಬಗ್ಗೆ ಹಿರಿಯರು ಏನೂ ಹೇಳಿರಲಿಲ್ಲವಾದ್ದರಿಂದ ಅಜ್ಜಿ ಸುಮ್ಮನಾದರು.

ಪ್ರತಿ ಆಟಗಾರನಿಗೂ ಓಟ, ಹಿಡಿತ, ಹೊಡೆತ, ತಡೆ ಎಂದು ನಾಲ್ಕು ಅಂಕಣ. ಒಂದೊಂದಕ್ಕೂ ಹತ್ತರೊಳಗಿನ ಒಂದು ಅಂಕೆ. ಒಂದು ಗುಳಿಗೆ ಒಂದು ದಾಳಿ. ದಾಳಿ ಮಾಡುವವನ ಅಂಕೆಗೆ ಎರಡು ದಾಳಗಳ ಮೊತ್ತ ಸೇರಿಸುವುದು, ತಡೆಯುವವನದಕ್ಕೂ ಹಾಗೆಯೇ, ಹೆಚ್ಚಾದವನು ಗೆದ್ದ. ಎರಡು ದಾಳ ಹಾಕಿದರೆ 36 ಬಗೆಯಲ್ಲಿ ಬೀಳಬಹುದು. ಅವುಗಳಲ್ಲಿ ಏಳು ಬೀಳುವುದು ಆರು ಬಗೆಯಲ್ಲಿ, ಹನ್ನೆರಡು ಬೀಳುವುದು ಒಂದೇ ಬಗೆಯಲ್ಲಿ. ಆ ಒಂದರ ಬಲದಿಂದ ನಾಪೋಕ್ಲಿನ ಕೊನೆಯ ಆಟಗಾರ ಕೂಡ ಒಮ್ಮೊಮ್ಮೆ ವೀರನಾಗುತ್ತಿದ್ದ. ಭಾರತದ ನಳೋಪಾಖ್ಯಾನದಲ್ಲಿ ಋತುಪರ್ಣ ತಾರೆಮರವನ್ನು ಒಮ್ಮೆ ನೋಡಿ ಎಲೆ ಇಷ್ಟು, ಕಾಯಿ ಇಷ್ಟು ಎಂದು ಹೇಳುತ್ತಾನೆ. ಅವನಿಂದಲೇ ನಳ ಅಕ್ಷಹೃದಯವನ್ನು ಕಲಿಯುತ್ತಾನೆ. ಹಿಂದಿನ ದಾಳಗಳು ಆ ತಾರೆಕಾಯಿಗಳೇ. ದಾಳವೂ ಎಣಿಕೆಯೂ ನೆಂಟರು ಎಂಬುದನ್ನು ತರಗತಿಯಲ್ಲಿ ಕೇಳಿ ನಾನು ಬರೆದುಕೊಂಡಿದ್ದೆ, ಅರ್ಥವಾದದ್ದು ಜಗಲಿಯಲ್ಲಿ.

ಆಟಗಾರರನ್ನು ಎಲ್ಲಿಂದ ತರುವುದು? ಊರಿನಿಂದಲೇ ತಂದೆವು. ನಮ್ಮ ಬಸ್ಸಿನ ಕಂಡಕ್ಟರು ವಾಮಂಜೂರಿನ ಸೆಂಟರ್ ಫಾರ್ವರ್ಡ್. ಅಂಚೆಯವರು ಬಲಗಡೆಯ ಓಟಗಾರ. ದಪ್ಪನೆಯ ಅಧ್ಯಾಪಕರೊಬ್ಬರು ಗೋಲಿನಲ್ಲಿ, ಏಕೆಂದರೆ ಅಲ್ಲಿ ಜಾಗ ತುಂಬಬೇಕು. ಕಂಡಕ್ಟರು ಮೊದಲನೆಯ ಋತುವಿನಲ್ಲಿ 19 ಗೋಲು ಹೊಡೆದರು. ಆಮೇಲೆ ಅವರು ಚಿಲ್ಲರೆ ಕೊಡದೆ ಹೋದರೂ ನಮಗೆ ಸಿಟ್ಟು ಬರುತ್ತಿರಲಿಲ್ಲ. ಎರಡನೆಯ ಋತುವಿನಲ್ಲಿ ಎಂಟು ಪಂದ್ಯ ಒಂದೂ ಗೋಲಿಲ್ಲ. ಆ ವಾರ ಬಸ್ಸಿನಲ್ಲಿ ಅವರ ಮುಖ ಬಾಡಿದಂತೆ ನಮಗೆ ಕಂಡಿತು. “ಪಾಪ, ಕೂರಿಸುವುದು ಬೇಡ, ಇನ್ನೊಂದು ಪಂದ್ಯ ನೋಡೋಣ” ಎಂದ ಗೆಳೆಯ.

ನಮ್ಮಿಬ್ಬರ ಹೆಸರೂ ಪುಸ್ತಕದಲ್ಲಿತ್ತು. ಅವನು ಪೊನ್ನಂಪೇಟೆಯ ಸೆಂಟರ್ ಹಾಫ್, ನಾನು ವಾಮಂಜೂರಿನ ಎಡಗಡೆಯ ಮುಂದಾಳು.

ಋತುವಿನ ಕೊನೆಗೆ ಬೆಳವಣಿಗೆಯ ಲೆಕ್ಕ. 23 ವರ್ಷದೊಳಗಿನವನಿಗೆ ದಾಳದಲ್ಲಿ ಐದೋ ಆರೋ ಬಿದ್ದರೆ ಒಂದಂಕೆ ಏರಿಕೆ, ಆಮೇಲೆ ಇದ್ದಂತೆಯೇ, ಮೂವತ್ತು ದಾಟಿದರೆ ಇಳಿಕೆ. ಬಹಳ ಶಾಸ್ತ್ರೀಯವಾದ ನಿಯಮವೆಂದು ಹೆಮ್ಮೆಪಟ್ಟೆವು. ಧ್ಯಾನ್ ಚಂದರು 1936ರಲ್ಲಿ ಬರ್ಲಿನ್ನಿನಲ್ಲಿ ಜರ್ಮನಿಯ ಮೇಲೆ ಎಂಟು ಗೋಲಿಗೆ ಒಂದರಂತೆ ತಂಡವನ್ನು ಗೆಲ್ಲಿಸಿದಾಗ ಅವರಿಗೆ 31 ತುಂಬಲು ಎರಡೇ ವಾರ. ನಮ್ಮ ಪುಸ್ತಕದಲ್ಲಿ ಆಗಲೇ ಇಳಿಮುಖ. ಸೋಮವಾರಪೇಟೆಯ ಎಸ್.ವಿ. ಸುನಿಲ್ 2016ರಲ್ಲಿ ಏಷ್ಯದ ವರ್ಷದ ಆಟಗಾರನೆನಿಸಿಕೊಂಡಾಗ ಅವರ ವಯಸ್ಸು 27. ನಮ್ಮ ಪ್ರಕಾರ ನಾಲ್ಕು ವರ್ಷ ಮೊದಲೇ ಬೆಳವಣಿಗೆ ನಿಂತುಹೋಗಿರಬೇಕು.

ಒಂದು ತೊಡಕು ಬಂತು. ಹೀಗೆ ಏರುತ್ತ ಹೋದರೆ ಎಲ್ಲರೂ ಹತ್ತಕ್ಕೆ ಬಂದು ನಿಲ್ಲುತ್ತಾರೆ, ಆಟ ಸಪ್ಪೆಯಾಗುತ್ತದೆ. ಅದಕ್ಕೆ ನಾನೊಂದು ಉಪಾಯ ಕಂಡುಹಿಡಿದೆ: ಪ್ರತಿಯೊಬ್ಬನೂ ಎಲ್ಲಿಯವರೆಗೆ ಏರಬಹುದು ಎಂಬುದನ್ನು ಮೊದಲೇ ಗುಟ್ಟಾಗಿ ಬರೆದಿಡುವುದು. ಪುಸ್ತಕದ ಕೊನೆಯ ಪುಟದಲ್ಲಿ, ಮಡಚಿ, ಪಿನ್ನು ಚುಚ್ಚಿ ಇಡುವುದು. ಬರೆಯುವವನು ನಾನು, ಏಕೆಂದರೆ ನನ್ನ ಅಕ್ಷರ ದುಂಡಗೆ. ಗೆಳೆಯ ಒಪ್ಪಿದ. ಒಂದು ರಾತ್ರಿ ಒಬ್ಬನೇ ಕೂತು 88 ಜನರ ಹಣೆಬರಹವನ್ನು ಬರೆದೆ. ಬ್ರಹ್ಮನಿಗೆ ಈ ಕೆಲಸದಲ್ಲಿ ಎಷ್ಟು ಸುಖವಿರಬೇಕೆಂದು ಆ ರಾತ್ರಿ ನನಗೆ ತಿಳಿಯಿತು.

ನನ್ನ ಹೆಸರಿನ ಮುಂದೆ ಒಂಬತ್ತು ಬರೆದೆ. ಗೆಳೆಯನ ಹೆಸರಿನ ಮುಂದೆ ಆರು.

ಮಗನಿಗೆ ಹೇಳಲಾರದೆ ಹೋದದ್ದು ಇದೇ. ತಂಡಗಳ ಸಮತೋಲಕ್ಕಾಗಿ ಹಾಗೆ ಬರೆದೆ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ. ನಿಜ ಹಾಗಿರಲಿಲ್ಲ. ಮೈದಾನದಲ್ಲಿ ಅವನು ಓಡುವುದನ್ನು ನಾನು ಎಷ್ಟೋ ಸಂಜೆ ಬೇಲಿಯಾಚೆ ನಿಂತು ನೋಡಿದ್ದೆ. ಕಾಗದದ ಮೇಲಾದರೂ ಅವನು ನನಗಿಂತ ಕೆಳಗಿರಲಿ ಎನ್ನಿಸಿತ್ತು.

ಪಿನ್ನು ಎಷ್ಟು ದಿನ ಕಾಯುತ್ತದೆ? ನಾನು ಮನೆಯಲ್ಲಿಲ್ಲದ ಒಂದು ಮಧ್ಯಾಹ್ನ, ಪಂದ್ಯದ ಫಲಿತಾಂಶ ಬರೆಯಲೆಂದು ಅವನು ಪುಸ್ತಕ ತೆರೆದ. ಪುಟ ತಾನಾಗಿ ಬಿಚ್ಚಿತ್ತಂತೆ. ಅವನು ಜಗಳ ಆಡಲಿಲ್ಲ. ಋತುವಿನ ಕೊನೆಗೆ ಅವನ ಹೆಸರು ಬಂದಾಗ, ನಾನು ದಾಳ ಮುಂದೆ ಸರಿಸಿದರೆ, “ಅವನದು ಆರಕ್ಕೆ ಮುಟ್ಟಿತಲ್ಲ, ಇನ್ನು ಯಾಕೆ ಹಾಕುವುದು?” ಎಂದು ಹಿಂದಕ್ಕೆ ಸರಿಸಿದ. ಅಷ್ಟೆ.

ಆ ಬೇಸಗೆಯಲ್ಲಿ, ಅಂದರೆ 1999ರಲ್ಲಿ, ಅವನೇ ನನ್ನನ್ನು ಊರಿಗೆ ಕರೆದೊಯ್ದ. ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಅದು ಮೂರನೆಯ ವರ್ಷ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಅದನ್ನು ಆರಂಭಿಸಿದಾಗ ಸೇರಿದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲಿನಲ್ಲಿ ನಡೆದಾಗ 360. ಆ ಹಬ್ಬದ ವಿಶೇಷವೇನೆಂದರೆ ತಂಡವೆಂದರೆ ಮನೆತನ. ಭಾರತಕ್ಕಾಗಿ ಆಡಿದವನ ಪಕ್ಕದಲ್ಲಿ ಶಾಲೆಯ ಹುಡುಗ ಇರಬಹುದು. ಗಂಡಸರ ನಡುವೆ ಮನೆಯ ಹೆಣ್ಣುಮಗಳು ಕೋಲು ಹಿಡಿದು ನಿಲ್ಲಬಹುದು. ಆಯ್ಕೆಯ ಮಾತೇ ಹೆಚ್ಚಿಲ್ಲ. ಮನೆಯಲ್ಲಿ ಯಾರಿದ್ದಾರೋ ಅವರೇ.

ಗೆಳೆಯನ ತಂಡದಲ್ಲಿ ಅವನ ದೊಡ್ಡಪ್ಪ ಒಬ್ಬರಿದ್ದರು. ಅರವತ್ತು ದಾಟಿದೆ, ಮಂಡಿಗೆ ಪಟ್ಟಿ. ನಮ್ಮ ಪುಸ್ತಕದಲ್ಲಾದರೆ ಅವರ ಅಂಕೆ ಸೊನ್ನೆಗಿಂತ ಕೆಳಗೆ ಹೋಗಿರಬೇಕು. ಒಂದು ಗೋಲು ಹಿಂದಿದ್ದಾಗ, ಪಂದ್ಯ ಮುಗಿಯಲು ಸ್ವಲ್ಪವೇ ಇರುವಾಗ, ಗೆಳೆಯ ನಡುಮೈದಾನದಿಂದ ಚೆಂಡನ್ನು ಹಿಡಿದು ಬಂದ. ಇಬ್ಬರನ್ನು ದಾಟಿದ. ಮುಂದೆ ಗೋಲಿಯೊಬ್ಬನೇ. ಹೊಡೆದರೆ ಸಮ. ಅವನು ಹೊಡೆಯಲಿಲ್ಲ, ಎಡಕ್ಕೆ ನಿಂತಿದ್ದ ದೊಡ್ಡಪ್ಪನಿಗೆ ಮೆಲ್ಲನೆ ತಳ್ಳಿದ. ದೊಡ್ಡಪ್ಪ ಕೋಲು ಬೀಸಿದರು. ಕೋಲಿಗೂ ಚೆಂಡಿಗೂ ಒಂದು ಗೇಣು ಅಂತರ. ಚೆಂಡು ಹಾಗೆಯೇ ಗೆರೆ ದಾಟಿ ಹೋಯಿತು. ಜನ ನಕ್ಕರು, ಎಲ್ಲರಿಗಿಂತ ಜೋರಾಗಿ ದೊಡ್ಡಪ್ಪ ನಕ್ಕರು. ಪಂದ್ಯ ಸೋತಿತು.

ನನಗೆ ಹೊಟ್ಟೆ ಉರಿಯಿತು. “ನೀನೇ ಹೊಡೆಯಬಾರದಾಗಿತ್ತೆ ಮಾರಾಯ?” ಎಂದೆ.

“ಹೋದ ವರ್ಷ ಪೂರ್ತಿ ಹಾಸಿಗೆಯಲ್ಲಿದ್ದರು. ಒಂದು ಗೋಲು ಹೊಡೆಯಬೇಕು ಅಂತ ಚಳಿಗಾಲದಿಂದ ಹೇಳುತ್ತಿದ್ದರು” ಎಂದ. ಬೂಟಿನ ದಾರ ಬಿಚ್ಚುತ್ತ ತಲೆಯೆತ್ತದೆಯೇ ಸೇರಿಸಿದ: “ಇದನ್ನು ನಿನ್ನ ಪುಸ್ತಕದಲ್ಲಿ ಯಾವ ಅಂಕಣಕ್ಕೆ ಹಾಕುತ್ತೀ?”

ಉತ್ತರ ಬರಲಿಲ್ಲ. ಕ್ಷಮೆ ಕೇಳಬೇಕಾಗಿದ್ದ ಗಳಿಗೆ ಅದೇ. ನಾನು ಬಿಸಿಲು ಜೋರು ಎಂದೋ ಏನೋ ಹೇಳಿದೆ. ಮುಂದಿನ ವರ್ಷ ಪುಸ್ತಕ ಪೆಟ್ಟಿಗೆ ಸೇರಿತು. ಪದವಿ ಮುಗಿಸಿ ಅವನು ತೋಟಕ್ಕೆ ಹೋದ, ನಾನು ಎಂ.ಎ.ಗೆ ಹೋದೆ.

ಆ ಪುಸ್ತಕವನ್ನು ಪೆಟ್ಟಿಗೆಗೆ ಹಾಕಿದೆನೇ ಹೊರತು ಅದರ ಕೊನೆಯ ಪುಟವನ್ನು ಜೊತೆಯಲ್ಲೇ ತರಗತಿಗೆ ಒಯ್ದೆ ಎಂದು ಈಗ ತೋರುತ್ತದೆ. ಜೂನ್ ತಿಂಗಳ ಮೊದಲ ವಾರದಲ್ಲೇ, ಹಾಜರಿ ಕೂಗುವಾಗಲೇ, ಇವಳು ಒಂಬತ್ತು, ಇವನು ಐದು ಎಂದು ಮನಸ್ಸು ಬರೆದುಬಿಡುತ್ತದೆ. ಆಂತರಿಕ ಅಂಕಗಳು ಆಮೇಲೆ ಆ ದಾರಿಯನ್ನೇ ಹಿಡಿಯುತ್ತವೆ. ಕೊನೆಯ ಬೆಂಚಿನ ಒಬ್ಬ ಹುಡುಗ ಮೊದಲ ದಿನ ವಚನವನ್ನು ತಡವರಿಸುತ್ತ ಓದಿದ. ಐದು ಎಂದು ಬರೆದೆ. ಮೂರು ವರ್ಷ ಅವನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವನು ಕಾಲೇಜು ಬಿಟ್ಟ ಮೇಲೆ ಗುರುಪುರದ ಕಡೆ ಒಂದು ತಾಳಮದ್ದಲೆಗೆ ಹೋಗಿದ್ದೆ. ಕರ್ಣನ ಅರ್ಥ ಹೇಳುತ್ತಿದ್ದವನು ಅದೇ ಹುಡುಗ. ಕಾಗದವಿಲ್ಲದೆ, ತಡವರಿಸದೆ, ಅರ್ಧ ಗಂಟೆ. ನನ್ನನ್ನು ಕಂಡು ಎದ್ದುಬಂದು ನಮಸ್ಕಾರ ಮಾಡಿದ. ಅದನ್ನು ಸ್ವೀಕರಿಸುವುದು ನನಗೆ ಕಷ್ಟವಾಯಿತು.

ಮಗನಿಗೆ ಪುಸ್ತಕ ಬಹಳ ಹಿಡಿಸಿತು. ಅವನು ಹೇಳಿದ, ಇದರಲ್ಲಿ ಹೊಸತೇನೂ ಇಲ್ಲವಂತೆ. ಇಂಗ್ಲೆಂಡಿನಲ್ಲಿ ಅಣ್ಣತಮ್ಮಂದಿರಿಬ್ಬರು ಮಾಡಿದ, 1992ರಲ್ಲಿ ಹೊರಬಂದ ಕಾಲ್ಚೆಂಡಿನ ಕಂಪ್ಯೂಟರ್ ಆಟವೊಂದುಂಟು. ಅದರ ಮುಂದಿನ ಆವೃತ್ತಿಗಳಲ್ಲಿ ಪ್ರತಿ ಆಟಗಾರನಿಗೂ ಇಂದಿನ ಶಕ್ತಿಗೊಂದು, ಮುಂದಿನ ಮಿತಿಗೊಂದು, ಹೀಗೆ 200ರೊಳಗಿನ ಎರಡು ಗುಪ್ತ ಅಂಕೆಗಳಂತೆ. ಅದರಲ್ಲಿ ಚೆರ್ನೋ ಸಾಂಬಾ ಎಂಬ ಹುಡುಗ ಜಗದ್ವಿಖ್ಯಾತನಾಗುತ್ತಿದ್ದ. ನಿಜವಾದ ಸಾಂಬಾ ಸಣ್ಣ ತಂಡಗಳಲ್ಲಿ ಅಲೆದು ಆಟ ಬಿಟ್ಟ. ನಾನು ಆರು ಬರೆದು ತಪ್ಪಿದೆ. ಅವರು ಹೆಚ್ಚು ಬರೆದು ತಪ್ಪಿದರು. ಆ ಅಂಕೆಯ ಭಾರವನ್ನು ಆ ಹುಡುಗ ಹೇಗೆ ಹೊತ್ತನೋ.

ಈಗ ಮಗ ನಮ್ಮ 88 ಜನರನ್ನೂ ಕಂಪ್ಯೂಟರಿಗೆ ಹತ್ತಿಸಿದ್ದಾನೆ. 1999ರಿಂದ ಮುಂದಕ್ಕೆ ಆಡಿಸುತ್ತಾನಂತೆ. ಮೊನ್ನೆ ಕೇಳಿದ: “ಅಪ್ಪ, ಕೊನೆಯ ಪುಟ ನೀರಿಗೆ ಅಳಿಸಿಹೋಗಿದೆ. ಮಿತಿಗಳನ್ನು ನೀವೇ ಹೇಳಿ.”

ಬಿಟ್ಟುಬಿಡು ಎಂದೆ. ಖಾಲಿ ಬಿಟ್ಟರೆ ಯಂತ್ರ ಮುಂದೆ ಹೋಗುವುದಿಲ್ಲವೆಂದ. ಆ ರಾತ್ರಿ ಗೆಳೆಯನಿಗೆ ಫೋನು ಮಾಡಿದೆ. ಮಳೆ, ಕಾಫಿಯ ಬೆಲೆ, ಆನೆಗಳ ಕಾಟ, ಎಲ್ಲ ಮಾತಾದ ಮೇಲೆ ಪುಸ್ತಕ ಸಿಕ್ಕಿತೆಂದು ಹೇಳಿದೆ. ಆಚೆ ಕಡೆ ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ.

“ಆ ಆರು ಇನ್ನೂ ಹಾಗೇ ಇದೆಯಾ?” ಎಂದು ಕೇಳಿದ.

ಇಪ್ಪತ್ತೈದು ವರ್ಷಗಳ ಮೇಲೆ! ಅಳಿಸಿಹೋಗಿದೆ ಎಂದೆ, ಅದು ಮಳೆಯ ಕೆಲಸ, ನನ್ನದಲ್ಲ ಎಂದೂ ಹೇಳಿದೆ. ಹೊಟ್ಟೆಕಿಚ್ಚಿನಿಂದ ಬರೆದದ್ದು, ತಪ್ಪಾಯಿತು ಎಂದೂ ಹೇಳಿದೆ. ಅವನು ನಕ್ಕ, ಅವನ ದೊಡ್ಡಪ್ಪನ ನಗುವಿನ ಹಾಗೆಯೇ ಇತ್ತು. “ಹಾಗಾದರೆ ನಿನ್ನ ಮಗನಿಗೆ ಹೇಳು, ನನ್ನದಕ್ಕೆ ವರ್ಷ ವರ್ಷವೂ ದಾಳ ಹಾಕಲಿ. ಬಿದ್ದಷ್ಟು ಬೀಳಲಿ.”

ಮಗ ನಿಯಮವನ್ನು ಹಾಗೆಯೇ ತಿದ್ದಿದ್ದಾನೆ, ಎಲ್ಲರಿಗೂ. ಪೊನ್ನಂಪೇಟೆಯ ಸೆಂಟರ್ ಹಾಫ್ ನಿನ್ನೆಯ ಲೆಕ್ಕದಲ್ಲಿ ಏಳಕ್ಕೆ ಬಂದಿದ್ದಾನೆ. ನಾನು ಇನ್ನೂ ಐದರಲ್ಲೇ ಇದ್ದೇನೆ.