ದೂರದ ದಾರಿಗೊಂದು ಸಿದ್ಧತೆ

ನನ್ನ ಮೇಜಿನ ಮೇಲೆ ಈಗ ಎರಡು ನಕಾಶೆಗಳಿವೆ. ಒಂದು ನಮ್ಮ ಬಳ್ಳಾರಿ ಜಿಲ್ಲೆಯದು. ಮಡಚಿ ಮಡಚಿ ಮಡಿಕೆಗಳಲ್ಲೆಲ್ಲ ಹರಿದಿದೆ. ಇನ್ನೊಂದು ನೇಪಾಳದ್ದು; ಇನ್ನೂ ಹೊಸ ಕಾಗದದ ವಾಸನೆ ಹೋಗಿಲ್ಲ. ಐವತ್ತು ದಾಟಿದ, ಬೆಳಗಾದರೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ ಗುರುವೊಬ್ಬ ಮೋಟಾರ್ ಬೈಕಿನಲ್ಲಿ ನೇಪಾಳಕ್ಕೆ ಹೊರಡುವ ಯೋಚನೆ ಮಾಡಿದ್ದಾನೆ ಎಂದರೆ ನೀವು ನಗಬಹುದು. ನಾನೂ ಮೊದಲು ನಕ್ಕವನೇ. ಆದರೆ ಈ ಸಿದ್ಧತೆಯ ನಡುವೆ ನಾನು ಕಲಿತ ಒಂದು ಸಂಗತಿಯನ್ನು ನಿಮ್ಮೊಡನೆ, ಅದರಲ್ಲೂ ಹರೆಯದ ಮಕ್ಕಳಿರುವ ತಂದೆತಾಯಿಗಳೊಡನೆ, ಹಂಚಿಕೊಳ್ಳಬೇಕಾಗಿದೆ.

ಈ ಆಸೆಯ ಬೀಜ ಬಿತ್ತಿದವರು ಬಳ್ಳಾರಿಯ ಒಬ್ಬ ಗೂರ್ಖಾ. ನಾನು ಹೊಸದಾಗಿ ಗುರುದೀಕ್ಷೆ ಪಡೆದು ನಗರದಲ್ಲಿದ್ದ ದಿನಗಳಲ್ಲಿ ನಮ್ಮ ಬೀದಿಯನ್ನು ಕಾಯುತ್ತಿದ್ದವರು ಅವರು. ರಾತ್ರಿ ಎರಡು ಗಂಟೆಗೆ ಅವರ ಸೀಟಿಯ ಸದ್ದು, ದೊಣ್ಣೆಯಿಂದ ಕಂಬಕ್ಕೆ ಬಡಿಯುವ ಸದ್ದು ಕೇಳಿಸಿದರೆ ಮಗ್ಗುಲು ಬದಲಿಸಿ ನಿಶ್ಚಿಂತೆಯಿಂದ ನಿದ್ರಿಸುತ್ತಿದ್ದೆವು. ತಿಂಗಳ ಮೊದಲ ವಾರ ಮನೆ ಮನೆಗೆ ಬಂದು ಸಲಾಮು ಹೊಡೆದು ಹತ್ತೋ ಇಪ್ಪತ್ತೋ ರೂಪಾಯಿ ಪಡೆದು ಹೋಗುವರು. ಊರಿಗೆ ಶಾಶ್ವತವಾಗಿ ಮರಳುವ ದಿನ ನನ್ನ ಬಳಿ ಬಂದು ತಮ್ಮ ಒಡೆದ ಕನ್ನಡದಲ್ಲಿ ಹೇಳಿದರು: “ಇಪ್ಪತ್ತು ವರ್ಷ ನಿಮ್ಮೆಲ್ಲರ ಬಾಗಿಲು ಕಾದೆ ಫಾದರ್. ನನ್ನ ಮನೆ ಬಾಗಿಲು ಇಲ್ಲಿಯವರು ಒಬ್ಬರೂ ನೋಡಿಲ್ಲ. ನೀವಾದರೂ ಬನ್ನಿ.” ಗುಲ್ಮಿ ಜಿಲ್ಲೆಯ ತಮ್ಮ ಹಳ್ಳಿಯ ಹೆಸರನ್ನು ಒಂದು ಚೀಟಿಯಲ್ಲಿ ಬರೆಸಿ ಕೊಟ್ಟರು. ಆ ಚೀಟಿ ನನ್ನ ಪ್ರಾರ್ಥನಾ ಪುಸ್ತಕದಲ್ಲಿ ಇಂದಿಗೂ ಇದೆ. ಅವರು ಬದುಕಿರುವರೋ ಇಲ್ಲವೋ ಬಲ್ಲವನಲ್ಲ. ಆದರೆ ಆ ಮಾತಿಗೆ ನಾನು “ಆಗಲಿ” ಎಂದಿದ್ದೆ.

ಧರ್ಮಕೇಂದ್ರದ ಗುರುವಿಗೆ ರಜೆ ಎಂಬುದು ಸುಲಭದ ಮಾತಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 533ನೆಯ ಕಲಂ ನಮಗೆ ವರ್ಷಕ್ಕೆ ಹೆಚ್ಚೆಂದರೆ ಒಂದು ತಿಂಗಳ ರಜೆಯನ್ನು ಅನುಮತಿಸುತ್ತದೆ. ಒಂದು ವಾರ ಮೀರಿದರೆ ಧರ್ಮಾಧ್ಯಕ್ಷರಿಗೆ ತಿಳಿಸಲೇಬೇಕು. ನೇಪಾಳದ ಹವೆಯನ್ನೂ ನೋಡಬೇಕು. ಮಳೆಗಾಲದಲ್ಲಿ ಅಲ್ಲಿನ ಬೆಟ್ಟಗಳು ರಸ್ತೆಯ ಮೇಲೆ ಜಾರಿಬೀಳುತ್ತವೆ. 2024ರ ಜುಲೈನಲ್ಲಿ ಚಿತ್ವನ್ ಜಿಲ್ಲೆಯಲ್ಲಿ ಭೂಕುಸಿತಕ್ಕೆ ಸಿಕ್ಕ ಎರಡು ಬಸ್ಸುಗಳು ಪ್ರಯಾಣಿಕರ ಸಮೇತ ತ್ರಿಶೂಲಿ ನದಿಗೆ ಕೊಚ್ಚಿಹೋದ ಸುದ್ದಿ ನಿಮಗೆ ನೆನಪಿರಬಹುದು. ಮಳೆ ನಿಂತು ಆಕಾಶ ತಿಳಿಯಾಗುವುದು ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ. ಹಾಗಾಗಿ ನವೆಂಬರ್ 2ರ ಮೃತರ ಸ್ಮರಣೆಯಂದು ಸಮಾಧಿಗಳನ್ನು ಆಶೀರ್ವದಿಸಿ, ಮರುದಿನ ಹೊರಟು, ಆಗಮನ ಕಾಲದ ಮೊದಲ ಭಾನುವಾರಕ್ಕೆ ಮೊದಲೇ ಬಲಿಪೀಠಕ್ಕೆ ಮರಳಬೇಕು. ಎಣಿಸಿದರೆ ಕನಿಷ್ಠ ಇಪ್ಪತ್ತನಾಲ್ಕು ದಿನ ಸಿಗುತ್ತದೆ.

ದಾರಿಯನ್ನು ಹೀಗೆ ಹಾಕಿಕೊಂಡಿದ್ದೇನೆ. ಬಳ್ಳಾರಿಯಿಂದ ಹೈದರಾಬಾದ್, ನಾಗಪುರ, ಜಬಲ್ಪುರ, ವಾರಾಣಸಿ, ಗೋರಖ್‌ಪುರ. ಅಲ್ಲಿಂದ ಸುನೌಲಿ ಗಡಿ. ಇದೇ ಸುಮಾರು 2,000 ಕಿಲೋಮೀಟರ್. ದಿನಕ್ಕೆ 250ರಂತೆ ಎಂಟು ದಿನ. ಗಡಿ ದಾಟಿದರೆ ಲುಂಬಿನಿ ಹತ್ತಿರ. ಬುಟವಲ್‌ನಿಂದ ಬೆಟ್ಟ ಹತ್ತಿ ತಾನ್ಸೇನ್, ಅಲ್ಲಿಂದ ಒಳದಾರಿಯಲ್ಲಿ ಗುಲ್ಮಿ. ಬಳಿಕ ಪೋಖರಾ, ಕಠ್ಮಂಡು. ಇಳಿಯುವಾಗ, 1950ರ ದಶಕದಲ್ಲಿ ಭಾರತದ ನೆರವಿನಿಂದ ಕಟ್ಟಿದ ತ್ರಿಭುವನ ರಾಜಪಥದ ತಿರುವುಗಳಲ್ಲಿ ಬೀರ್‌ಗಂಜ್‌ಗೆ ಬಂದು ಬಿಹಾರದ ರಕ್ಸೌಲ್ ಸೇರುವುದು. ಗೋರಖ್‌ಪುರದಲ್ಲಿ ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ತೆಗೆಸಿ ಬೈಕನ್ನು ರೈಲಿನ ಪಾರ್ಸೆಲ್ಲಿಗೆ ಹಾಕಿ, ನಾನೂ ರೈಲು ಹತ್ತುವುದು. ಎರಡೂ ದಾರಿ ಬೈಕಿನಲ್ಲೇ ಎಂಬ ಹಟವನ್ನು ನನ್ನ ಸೊಂಟದ ಮಾತು ಕೇಳಿ ಬಿಟ್ಟಿದ್ದೇನೆ.

ರಕ್ಸೌಲ್‌ನಿಂದ ನೇರ ಗೋರಖ್‌ಪುರಕ್ಕೆ ಬರದೆ ಬೇತಿಯಾದಲ್ಲಿ ಇಳಿದುಕೊಳ್ಳಬೇಕೆಂಬುದಕ್ಕೆ ಕಾರಣವಿದೆ. ಇಟಲಿಯ ಕಪುಚಿನ್ ಗುರುಗಳು 1715ರಲ್ಲಿ ಕಠ್ಮಂಡು ಕಣಿವೆಯಲ್ಲಿ ನೆಲೆ ನಿಂತರು. 1769ರಲ್ಲಿ ಪೃಥ್ವಿನಾರಾಯಣ ಶಾಹ ಕಣಿವೆಯನ್ನು ಗೆದ್ದಾಗ ಅವರು ಹೊರಡಬೇಕಾಯಿತು. ಅವರೊಂದಿಗೆ ಕೆಲವು ನೇವಾರಿ ಕ್ರೈಸ್ತ ಕುಟುಂಬಗಳೂ ಮನೆ, ಹೊಲ, ಹಿರಿಯರ ಸಮಾಧಿಗಳನ್ನು ಬಿಟ್ಟು ಬೆಟ್ಟ ಇಳಿದು ಬೇತಿಯಾ ಬಳಿಯ ಚುಹಾರಿಯಲ್ಲಿ ನೆಲೆಸಿದವು. ಗುರುಮಠದಲ್ಲಿ ಸಭಾ ಚರಿತ್ರೆಯ ಪರೀಕ್ಷೆಗೆಂದು ಇದನ್ನು ಎರಡು ಸಾಲಿನಲ್ಲಿ ಓದಿ ಮರೆತಿದ್ದೆ. ಈಗ ನಕಾಶೆಯ ಮೇಲೆ ಬೆರಳಿಟ್ಟು ಆ ಇಳಿಜಾರನ್ನು ನೋಡುವಾಗ, ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡು ನಡೆದು ಬಂದ ತಾಯಂದಿರು ಕಣ್ಣಿಗೆ ಬರುತ್ತಾರೆ. ಯೇಸುಸಭೆಯ ಫಾದರ್ ಮಾರ್ಷಲ್ ಮೊರಾನ್‌ರವರು ಗೋದಾವರಿಯಲ್ಲಿ ಶಾಲೆ ತೆರೆದದ್ದು 1951ರಲ್ಲಿ. ನಡುವೆ ಸಂದದ್ದು 182 ವರ್ಷ.

ಇನ್ನು ಕಾಗದಪತ್ರ. 1950ರ ಒಪ್ಪಂದದ ಫಲವಾಗಿ ನಮಗೆ ನೇಪಾಳಕ್ಕೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು. ಆದರೆ ಬೈಕಿಗೆ ಬೇಕು. ಗಡಿಯ ಸುಂಕದ ಕಚೇರಿಯಲ್ಲಿ ‘ಭನ್ಸಾರ್’ ಎಂಬ ಚೀಟಿಯನ್ನು ದಿನಗಳ ಲೆಕ್ಕದಲ್ಲಿ ಹಣ ಕಟ್ಟಿ ಪಡೆಯಬೇಕು. ನಮ್ಮ ವಾಹನ ವಿಮೆ ಗಡಿಯಲ್ಲೇ ನಿಲ್ಲುತ್ತದೆ. ಹೆಚ್ಚುವರಿ ಕಂತು ಕಟ್ಟಿ ನೇಪಾಳಕ್ಕೂ ವಿಸ್ತರಿಸಿಕೊಳ್ಳಬೇಕು. ನಮ್ಮ 100 ರೂಪಾಯಿಗೆ ಅಲ್ಲಿನ 160 ರೂಪಾಯಿ; 1993ರಿಂದ ಈ ದರ ಬದಲಾಗಿಲ್ಲ. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ ನಾನು ಓಡಿಸುವ ಬೈಕು ನನ್ನದಲ್ಲ, ಧರ್ಮಕ್ಷೇತ್ರದ್ದು. ನೋಂದಣಿ ಪುಸ್ತಕದಲ್ಲಿ ಹೆಸರು ಬೇರೆ ಇದ್ದರೆ ಮಾಲೀಕರ ಒಪ್ಪಿಗೆ ಪತ್ರ ಕೈಯಲ್ಲಿರಬೇಕು. ಬಡತನದ ಬದುಕಿನ ಬಗ್ಗೆ ಎಷ್ಟೋ ಪ್ರಸಂಗ ಕೊಟ್ಟಿದ್ದೇನೆ. ನನ್ನದೆಂದು ಒಂದು ಗಾಡಿಯೂ ಇಲ್ಲವೆಂಬುದು ಸರಿಯಾಗಿ ಅರಿವಾದದ್ದು ಈ ಅರ್ಜಿ ಬರೆಯುವಾಗಲೇ.

ಸಿರುಗುಪ್ಪದಲ್ಲಿ ನನ್ನ ಗಾಡಿ ನೋಡಿಕೊಳ್ಳುವ ಮೆಕ್ಯಾನಿಕ್ ಹುಡುಗನಿಗೆ ವಿಷಯ ತಿಳಿಸಿದೆ. ಅವನು ಇಂಜಿನ್ನಿಗೆ ಕಿವಿಗೊಟ್ಟು, “ಗಾಡಿ ಮುಟ್ತೈತ್ರಿ ಫಾದರ್. ನೀವು ಮುಟ್ತೀರೋ ಇಲ್ಲೋ ಅದನ್ನ ನೋಡ್ಕೊಳ್ರಿ” ಎಂದ. ಕ್ಲಚ್ ವೈರು, ಬ್ರೇಕ್ ವೈರು, ಪ್ಲಗ್ಗು, ಎರಡು ಟ್ಯೂಬು ಎಂದು ಪಟ್ಟಿ ಹೇಳಿದ. ಅದರ ಕೆಳಗೆ ನಾನು ನನ್ನ ಹನ್ನೆರಡು ನಿಯಮಗಳನ್ನು ಬರೆದುಕೊಂಡೆ: ಸೂರ್ಯ ಮುಳುಗಿದ ಮೇಲೆ ಓಡಿಸಬಾರದು, ಎರಡು ಗಂಟೆಗೊಮ್ಮೆ ಇಳಿದು ನಡೆಯಬೇಕು, ಹತ್ತು ಹೆಜ್ಜೆಯ ದೂರಕ್ಕೂ ಹೆಲ್ಮೆಟ್ ಬೇಕು, ನಿದ್ದೆ ಬಂದರೆ ಅಲ್ಲೇ ನಿಲ್ಲಬೇಕು, ಹೀಗೆ.

ಆ ಪಟ್ಟಿಯನ್ನು ಒಂದು ಸಂಜೆ ಸಿರುಗುಪ್ಪದ ಪ್ರಾರ್ಥನಾ ಕೂಟದ ನಂತರ ಯುವಜನರಿಗೆ ಹೆಮ್ಮೆಯಿಂದ ಓದಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ತಾಯಿ ಮಾತ್ರ ತಟ್ಟಲಿಲ್ಲ.

ಆಕೆಯ ಹಿರಿಯ ಮಗನನ್ನು ಕೆಲವು ವರ್ಷಗಳ ಹಿಂದೆ ನಾನೇ ಮಣ್ಣಿಗೆ ಕೊಟ್ಟಿದ್ದೇನೆ. ಇಪ್ಪತ್ತೆರಡರ ಹುಡುಗ. ಬಳ್ಳಾರಿಯ ಜೀನ್ಸ್ ಕಾರ್ಖಾನೆಯೊಂದರಲ್ಲಿ ದುಡಿದು ರಾತ್ರಿ ಊರಿಗೆ ಮರಳುತ್ತಿದ್ದ. ಭತ್ತ ತುಂಬಿದ ಟ್ರ್ಯಾಕ್ಟರ್ ಟ್ರೇಲರ್ ಒಂದು ಕೆಟ್ಟು ರಸ್ತೆಯಲ್ಲೇ ನಿಂತಿತ್ತು. ಹಿಂದೆ ದೀಪವಿಲ್ಲ, ಹೊಳೆಯುವ ಪಟ್ಟಿಯಿಲ್ಲ. ಅವನ ಹೆಲ್ಮೆಟ್ ಮನೆಯ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಅಂತ್ಯಕ್ರಿಯೆಯ ಪ್ರಸಂಗದಲ್ಲಿ ನಾನು ಕಣ್ಣೀರು ಹಾಕುತ್ತ ಯುವಕರೆಲ್ಲ ಹೆಲ್ಮೆಟ್ ಧರಿಸಬೇಕೆಂದು ಹೇಳಿದೆ. ಎಲ್ಲ ಮುಗಿದು ಬೈಕ್ ಹತ್ತಿದಾಗ ಅವನ ತಮ್ಮ ಓಡಿ ಬಂದ. ಕೈಯಲ್ಲಿ ಅಣ್ಣನ ಹೆಲ್ಮೆಟ್. “ಸ್ವಾಮಿ, ನೀವು ಹಾಕ್ಕೊಂಡಿಲ್ರಿ. ಇದನ್ನ ಹಾಕ್ಕೊಂಡು ಹೋಗ್ರಿ” ಎಂದ. ಓದುಗರೇ, ಇದನ್ನು ನಾನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ನನ್ನದು ಅಂದು ಗುರುನಿವಾಸದಲ್ಲಿತ್ತು. ಹತ್ತಿರದ ದಾರಿಯಲ್ಲವೇ ಎಂದು ಬಿಟ್ಟು ಬಂದಿದ್ದೆ.

ಆ ಸಂಜೆ ಎಲ್ಲರೂ ಹೋದ ಮೇಲೆ ತಾಯಿ ನನ್ನ ಬಳಿ ಬಂದರು. “ಹೋಗಿ ಬರ್ರಿ ಸ್ವಾಮಿ, ಬ್ಯಾಡ ಅನ್ನಂಗಿಲ್ಲ. ಆದ್ರ ಒಂದು ಕೇಳ್ತೀನಿ. ಇದನ್ನೆಲ್ಲ ನೇಪಾಳಕ್ಕ ಬರ್ದೀರಿ. ನಮ್ಮ ಸಿರುಗುಪ್ಪ ದಾರಿಗ್ಯಾಕ ಬರೀಲಿಲ್ರಿ?”

ಗಡಿಯಾರ ನೋಡಿದೆ. ಒಂಬತ್ತೂಕಾಲು. ಇನ್ನು ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ಕತ್ತಲಲ್ಲಿ ಬಳ್ಳಾರಿಗೆ ಓಡಿಸಿಕೊಂಡು ಹೋಗುವವನಿದ್ದೆ. ವಾರ ವಾರವೂ ಹಾಗೆಯೇ ಮಾಡುತ್ತಿದ್ದೆ. ಅದು ಸುಗ್ಗಿಯ ಕಾಲ. ರಸ್ತೆಯ ಅರ್ಧಕ್ಕೆ ಭತ್ತ ಹರವಿ, ಗಾಡಿಗಳು ಹತ್ತದಂತೆ ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಅಪರಿಚಿತ ಹಿಮಾಲಯಕ್ಕೆ ಹೆದರಿ ಹನ್ನೆರಡು ನಿಯಮ ಮಾಡಿದವನು, ಪರಿಚಿತವೆಂಬ ಒಂದೇ ಕಾರಣಕ್ಕೆ ಈ ರಸ್ತೆಗೆ ಒಂದನ್ನೂ ಮಾಡಿರಲಿಲ್ಲ. ಆ ರಾತ್ರಿ ಸಿರುಗುಪ್ಪದಲ್ಲೇ ಉಳಿದೆ. ಆ ತಾಯಿಯ ಮನೆಯಲ್ಲೇ ರೊಟ್ಟಿ ಪಲ್ಯ ಊಟ ಮಾಡಿದೆ. ಗೋಡೆಯ ಮೊಳೆ ಖಾಲಿಯಿತ್ತು.

ಅಂದಿನಿಂದ ಪ್ರಾರ್ಥನಾ ಕೂಟ ಸಂಜೆಯಿಂದ ಭಾನುವಾರದ ಮಧ್ಯಾಹ್ನಕ್ಕೆ ಬದಲಾಗಿದೆ. ಕುರುಗೋಡಿನ ಕಡೆಯ ಮನೆಗಳ ಭೇಟಿಯನ್ನೂ ಹಗಲಿಗೇ ಇಟ್ಟುಕೊಂಡಿದ್ದೇನೆ. ದೊಡ್ಡಬಸವೇಶ್ವರ ಗುಡಿಯ ಹಿಂದಿನ ಗುಡ್ಡಗಳಿಗೆ ಬಿಸಿಲು ಇಳಿಯುವ ಮೊದಲೇ ಹೊರಡುತ್ತೇನೆ. ಯುವಕರು ಕೆಂಪು ಬಣ್ಣದ ಹೊಳೆಯುವ ಪಟ್ಟಿಯ ಸುರುಳಿಗಳನ್ನು ತಂದು, ರೈತರನ್ನು ಕೇಳಿ, ಅವರ ಟ್ರೇಲರ್‌ಗಳ ಹಿಂಬದಿಗೆ ಅಂಟಿಸುತ್ತಿದ್ದಾರೆ. ಯಾವ ಜಾತಿ, ಯಾವ ಮತದ ಗಾಡಿಯೆಂದು ಯಾರೂ ಕೇಳುವುದಿಲ್ಲ. ಬೇಡವೆಂದ ರೈತ ಇದುವರೆಗೆ ಒಬ್ಬನೂ ಸಿಕ್ಕಿಲ್ಲ. ಈ ಕೆಲಸದಲ್ಲಿ ಮುಂದೆ ನಿಂತಿರುವವನು ಆ ಹುಡುಗನ ತಮ್ಮ.

1988ರ ಮೋಟಾರು ವಾಹನ ಕಾಯಿದೆ ತಲೆಗವಸನ್ನು ಕಡ್ಡಾಯ ಮಾಡಿದೆ. ಪೊಲೀಸರಿಗೆ ಹೆದರಿ ವೃತ್ತ ಬಂದಾಗ ಹಾಕಿ, ದಾಟಿದ ಮೇಲೆ ತೆಗೆದು ಕನ್ನಡಿಗೆ ಸಿಕ್ಕಿಸುವುದನ್ನು ನಮ್ಮ ಮಕ್ಕಳು ನಮ್ಮನ್ನು ನೋಡಿಯೇ ಕಲಿತಿದ್ದಾರೆ. ಇಂದು ಸಂಜೆ ನಿಮ್ಮ ಮಗ ಹೊರಡುವಾಗ ಮೊಳೆಯ ಕಡೆ ಒಮ್ಮೆ ನೋಡಿರಿ. ನೀವು ಹೊರಡುವಾಗಲೂ ನೋಡಿಕೊಳ್ಳಿರಿ.

ನನ್ನ ಪಟ್ಟಿಯಲ್ಲಿ ಈಗ ಒಪ್ಪಿಗೆ ಪತ್ರವೊಂದು ಬಾಕಿಯಿದೆ. ಬಂದರೆ ನವೆಂಬರ್ 3ರ ಬೆಳಿಗ್ಗೆ ಹೊರಡುತ್ತೇನೆ. ಪ್ರಾರ್ಥನಾ ಪುಸ್ತಕದ ಚೀಟಿಯನ್ನು ತೆಗೆದು ಜೇಬಿನಲ್ಲಿಟ್ಟುಕೊಳ್ಳುತ್ತೇನೆ. ಗುಲ್ಮಿಯ ಆ ಬಾಗಿಲು ತೆರೆದವರು ಯಾರೇ ಆಗಿರಲಿ, ನಮ್ಮ ಬೀದಿಯನ್ನು ಕಾದ ಹಿರಿಯರಿಗೆ ಬಳ್ಳಾರಿಯ ನಮಸ್ಕಾರ ತಂದಿದ್ದೇನೆಂದು ಹೇಳುತ್ತೇನೆ. ಅಲ್ಲಿಯವರೆಗೆ ನನಗಾಗಿ ಪ್ರಾರ್ಥಿಸಿರಿ. ಸಿರುಗುಪ್ಪ ರಸ್ತೆಯಲ್ಲಿ ರಾತ್ರಿ ಓಡಾಡುವ ಎಲ್ಲರಿಗಾಗಿಯೂ ಪ್ರಾರ್ಥಿಸಿರಿ.